ತೊಟ್ಟಿಕ್ಕುವ ಕಾರ್ಬುರೇಟರು: ಮೇಸ್ತ್ರಿ ಸಿಗುವವರೆಗೆ

ಮನೆಯಲ್ಲಿ ಹಳೆಯ ಮೋಟಾರು ಸೈಕಲೊಂದು ಇದ್ದರೆ, ಅದರ ಕಾಯಿಲೆಯ ಸುದ್ದಿ ಮೊದಲು ಮುಟ್ಟುವುದು ಯಜಮಾನರ ಕಿವಿಗಲ್ಲ, ಗೃಹಿಣಿಯ ಮೂಗಿಗೆ. ಬೆಳಗ್ಗೆ ಬಾಗಿಲಿಗೆ ನೀರು ಹಾಕಲು ಹೊರಟಾಕೆ, “ರೀ, ಹಜಾರದಲ್ಲೆಲ್ಲ ಪೆಟ್ರೋಲಿನ ವಾಸನೆ” ಎನ್ನುತ್ತಾಳೆ. “ಹಳೇ ಗಾಡಿ ಅಂದಮೇಲೆ ಅಷ್ಟಿಷ್ಟು ವಾಸನೆ ಇದ್ದದ್ದೇ” ಎಂಬ ಉತ್ತರ ವೃತ್ತಪತ್ರಿಕೆಯ ಹಿಂದಿನಿಂದ ಬರುತ್ತದೆ. ಈ ಉತ್ತರ ತಪ್ಪು. ಸುಸ್ಥಿತಿಯಲ್ಲಿರುವ ಗಾಡಿ, ಅದು ಎಷ್ಟೇ ಹಳೆಯದಾಗಿರಲಿ, ನಿಂತಲ್ಲಿ ವಾಸನೆ ಹರಡಬಾರದು. ಗಾಡಿಯ ಕೆಳಗೆ ನೆಲದ ಮೇಲೆ ಅಂಗೈಯಗಲದ ಕಲೆ ಮೂಡಿತೆಂದರೆ ಕಾರ್ಬುರೇಟರೋ ಪೆಟ್ರೋಲು ಕೊಳವೆಯೋ ಸೋರುತ್ತಿದೆ ಎಂದೇ ಅರ್ಥ.

ಸೋರಿಕೆ ಎಷ್ಟೆಂಬುದನ್ನು ಹನಿ ಎಣಿಸಿ ಸ್ಥೂಲವಾಗಿ ಅಂದಾಜು ಮಾಡಬಹುದು. ಪೆಟ್ರೋಲಿನ ಹನಿ ನೀರಿನ ಹನಿಗಿಂತ ಚಿಕ್ಕದು. ಸುಮಾರು 50 ಹನಿ ಸೇರಿದರೆ ಒಂದು ಮಿಲಿಲೀಟರು. ಸೆಕೆಂಡಿಗೆ ಒಂದು ಹನಿಯಂತೆ ಬಿದ್ದರೂ ಗಂಟೆಗೆ 70 ಮಿಲಿಲೀಟರನ್ನು ಮೀರುತ್ತದೆ. ರಾತ್ರಿಯ ಎಂಟು ಗಂಟೆಗಳಲ್ಲಿ ಅರ್ಧ ಲೀಟರಿಗೂ ಹೆಚ್ಚು. ಹಣ ಹೋಯಿತೆಂಬ ಕೊರಗು ಅಲ್ಪವಾದದ್ದು. ಆ ಅರ್ಧ ಲೀಟರು ಆವಿಯಾಗಿ ಎಲ್ಲಿ ಕೂತಿದೆ ಎಂಬುದೇ ಮುಖ್ಯವಾದ ಪ್ರಶ್ನೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಹೊಗೆಯಂತೆ ಮೇಲೇರದೆ ನೆಲ ಹಿಡಿದು ಹರಿಯುತ್ತದೆ. ಮೆಟ್ಟಿಲ ಕೆಳಗಿನ ಸಂದು, ಹೊಸ್ತಿಲ ಮರೆ, ಬಚ್ಚಲ ತಗ್ಗುಗಳಲ್ಲಿ ಮಡುಗಟ್ಟುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಸೇರಿದರೆ ಸಾಕು, ಕಿಡಿ ತಗಲಿದೊಡನೆ ಹತ್ತಿಕೊಳ್ಳುತ್ತದೆ. ಸೀಮೆಎಣ್ಣೆಯ ಹಾಗೆ ಬಿಸಿಯಾಗುವವರೆಗೆ ಅದು ಕಾಯುವುದಿಲ್ಲ. ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಕೊಡುತ್ತದೆ.

ನಮ್ಮ ನಗರಗಳಲ್ಲಿ ಕಳ್ಳರ ಭಯದಿಂದ ಗಾಡಿಯನ್ನು ರಾತ್ರಿ ಒಳಗೆ ತಳ್ಳಿಟ್ಟು ಬಾಗಿಲು ಹಾಕಿಕೊಳ್ಳುವ ಮನೆಗಳು ಎಷ್ಟೋ ಇವೆ. ಅದೇ ಹಜಾರದ ಗೂಡಿನಲ್ಲಿ ದೇವರ ದೀಪ, ಪಕ್ಕದ ಕೋಣೆಯಲ್ಲಿ ಮಕ್ಕಳ ಹಾಸಿಗೆ, ಒಳಗೆ ಅಡುಗೆಯ ಗ್ಯಾಸಿನ ಒಲೆ. ಆದ್ದರಿಂದ ವಾಸನೆ ಗಾಢವಾಗಿ ಬಂದಾಗ ದುರಸ್ತಿಯ ಮಾತು ಆಮೇಲೆ. ವಿದ್ಯುತ್ ದೀಪದ ಸ್ವಿಚ್ಚನ್ನು ಹಾಕಲೂ ಬಾರದು, ಆರಿಸಲೂ ಬಾರದು; ಸ್ವಿಚ್ಚಿನೊಳಗಿನ ಕಿಡಿ ಕಣ್ಣಿಗೆ ಕಾಣದಿದ್ದರೂ ಆವಿಗೆ ಕಾಣುತ್ತದೆ. ಕಿಟಕಿ ಬಾಗಿಲುಗಳನ್ನು ತೆರೆದು, ಗಾಡಿಯ ಪೆಟ್ರೋಲ್ ಕಾಕನ್ನು ಮುಚ್ಚಿ, ಎಂಜಿನು ಚಾಲೂ ಮಾಡದೆ ಅದನ್ನು ಬಯಲಿಗೆ ತಳ್ಳಬೇಕು. ನೆಲದ ಮೇಲಿನ ಪೆಟ್ರೋಲಿನ ಮೇಲೆ ಮರಳನ್ನೋ ಒಣ ಮಣ್ಣನ್ನೋ ಚೆಲ್ಲಿ, ಆ ಮಣ್ಣನ್ನು ಹೊರಗೆ ಹರಡಬೇಕು. ನೀರು ಸುರಿದು ತೊಳೆಯುವ ಚಪಲ ಸಹಜವೇ. ಆದರೆ ಪೆಟ್ರೋಲು ನೀರಿನ ಮೇಲೆ ತೇಲಿಕೊಂಡು ಬಚ್ಚಲವರೆಗೂ ಪ್ರಯಾಣ ಮಾಡುತ್ತದೆ.

ಇನ್ನು ಕಾರ್ಬುರೇಟರಿನ ಒಳಗುಟ್ಟು. ಮಹಡಿಯ ಮೇಲಿನ ನೀರಿನ ತೊಟ್ಟಿಯಲ್ಲಿ ತೇಲುವ ಗುಂಡನ್ನು ಎಲ್ಲರೂ ಕಂಡಿರುತ್ತಾರೆ. ನೀರು ಏರಿದಂತೆ ಗುಂಡು ಏರಿ ನಲ್ಲಿಯನ್ನು ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ಕಾರ್ಬುರೇಟರಿನ ಅಡಿಯ ಬಟ್ಟಲಿನಲ್ಲಿಯೂ ಅದೇ ಏರ್ಪಾಡು. ಅಲ್ಲೊಂದು ಪುಟ್ಟ ತೇಲುಬುರುಡೆ (ಮೇಸ್ತ್ರಿಗಳ ಬಾಯಲ್ಲಿ ‘ಫ್ಲೋಟು’), ಅದರ ಮೇಲೊಂದು ಮೊನಚು ಸೂಜಿ, ಸೂಜಿ ಬಂದು ಕೂರುವ ಒಂದು ರಂಧ್ರ. ಬಟ್ಟಲಿನಲ್ಲಿ ಪೆಟ್ರೋಲು ನಿಯತ ಮಟ್ಟಕ್ಕೆ ಬಂದಾಗ ಸೂಜಿ ರಂಧ್ರವನ್ನು ಮುಚ್ಚುತ್ತದೆ. ಸಿಂಪಡಿಸುವ ಬಗೆಯ ಕಾರ್ಬುರೇಟರಿಗೆ ಹಂಗೇರಿಯ ಡೊನಾಟ್ ಬಾಂಕಿ ಮತ್ತು ಯಾನೋಷ್ ಚೋಂಕಾ ಎಂಬ ಎಂಜಿನಿಯರುಗಳು ಪೇಟೆಂಟು ಪಡೆದದ್ದು 1893ರಲ್ಲಿ; ಅದೇ ಕಾಲದಲ್ಲಿ ಜರ್ಮನಿಯಲ್ಲಿ ವಿಲ್‌ಹೆಲ್ಮ್ ಮೈಬಾಕ್ ಕೂಡ ಅಂಥದೇ ಸಾಧನವನ್ನು ರೂಪಿಸಿದ. ಅಲ್ಲಿಂದೀಚೆಗೆ ಒಂದು ಶತಮಾನಕ್ಕೂ ಮಿಕ್ಕಿ ಮೋಟಾರು ಸೈಕಲುಗಳು ಈ ಸೂಜಿಯನ್ನೇ ನಂಬಿ ಓಡಿದವು. ಭಾರತದಲ್ಲಿ 2020ರ ಏಪ್ರಿಲಿನಿಂದ ಹೊಗೆಯ ಹೊಸ ನಿಯಮಗಳು ಜಾರಿಗೆ ಬಂದಮೇಲೆ ಹೊಸ ಗಾಡಿಗಳಲ್ಲಿ ಬಹುಪಾಲು ಕಾರ್ಬುರೇಟರನ್ನು ಬಿಟ್ಟು ಇಂಧನ ಇಂಜೆಕ್ಷನ್ನಿಗೆ ತಿರುಗಿದವು. ಇಂಜೆಕ್ಷನ್ನಿನ ಕೊಳವೆಯಲ್ಲಿ ಒತ್ತಡ ಹೆಚ್ಚು. ಇಲ್ಲಿ ಹೇಳುವ ಮನೆವೈದ್ಯ ಅವುಗಳಿಗೆ ಸಲ್ಲದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದ ಆರಂಭದಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳನ್ನೂ, ಮದರಾಸಿನಿಂದ ಬಂದ ಹಳೆಯ ಬುಲೆಟ್ಟುಗಳನ್ನೂ, ಅಪ್ಪನ ಕಾಲದ್ದೆಂದು ಮಾರಲಾರದೆ ಇಟ್ಟುಕೊಂಡ ಇತರ ಗಾಡಿಗಳನ್ನೂ ಸಾಕಿಕೊಂಡಿರುವ ಮನೆಗಳಿಗಾಗಿ ಈ ಮಾತುಗಳು.

ಎಲ್ಲಿ ಸೋರುತ್ತಿದೆ ಎಂದು ತಿಳಿಯದೆ ತಿರುಪುಳಿಗೆ ಕೈ ಹಾಕಬಾರದು. ಎಂಜಿನು ತಣಿಯಲು ಅರ್ಧ ಗಂಟೆ ಬಿಡಬೇಕು. ಕಾರ್ಬುರೇಟರನ್ನು ಹೊರಗಿನಿಂದ ಹಳೆಯ ಪಂಚೆಯ ತುಂಡಿನಿಂದ ಒರೆಸಿ ಒಣಗಿಸಿ, ಮೇಲೆ ತೆಳ್ಳಗೆ ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಬೇಕು. ಬಳಿಕ ಕಾಕು ತೆರೆದು ಎರಡು ನಿಮಿಷ ನೋಡುತ್ತಿದ್ದರೆ ಒದ್ದೆಯ ಗೆರೆ ಎಲ್ಲಿ ಹುಟ್ಟಿತೆಂಬುದು ಬಿಳಿಯ ಪುಡಿಯ ಮೇಲೆ ಸ್ಪಷ್ಟವಾಗಿ ಮೂಡುತ್ತದೆ. ಕೆಳಗೆ ಇಳಿಬಿಟ್ಟ ಸಣ್ಣ ನಿರ್ಗಮ ಕೊಳವೆಯಿಂದ ಹನಿ ಬೀಳುತ್ತಿದ್ದರೆ ದೋಷ ಸೂಜಿಯದೋ ತೇಲುಬುರುಡೆಯದೋ. ಬಟ್ಟಲಿನ ಕೂಡುಗೆರೆಯಲ್ಲಿ ಜಿನುಗಿದರೆ ಅಲ್ಲಿರುವ ಪ್ಯಾಕಿಂಗು ಸತ್ತಿದೆ. ಮೇಲಿನ ರಬ್ಬರು ಕೊಳವೆಯ ತುದಿಯಲ್ಲಿ ಒದ್ದೆಯಿದ್ದರೆ ಕಾರ್ಬುರೇಟರು ನಿರಪರಾಧಿ. ಪಕ್ಕದ ಸ್ಟ್ಯಾಂಡಿನ ಮೇಲೆ ಓರೆಯಾಗಿ ನಿಂತಾಗ ಮಾತ್ರ ಸೋರಿ, ನಡುವಿನ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿದೊಡನೆ ನಿಲ್ಲುವ ಗಾಡಿಗಳೂ ಉಂಟು. ಅಲ್ಲಿ ಪೆಟ್ರೋಲಿನ ಮಟ್ಟ ಕೊಂಚ ಏರಿದೆ, ಅಷ್ಟೆ. ಅಂಥ ಗಾಡಿಗೆ ಸದ್ಯಕ್ಕೆ ನೆಟ್ಟಗೆ ನಿಲ್ಲಿಸುವುದೇ ಔಷಧ.

ಹತ್ತರಲ್ಲಿ ಬಹುಪಾಲು ಸಂದರ್ಭಗಳಲ್ಲಿ ಸೂಜಿಗೂ ಅದರ ಪೀಠಕ್ಕೂ ನಡುವೆ ಒಂದು ಕಣ ತುಕ್ಕೋ ಧೂಳೋ ಸಿಕ್ಕಿಕೊಂಡಿರುತ್ತದೆ. ತಿರುಪುಳಿಯ ಮರದ ಹಿಡಿಯಿಂದ ಬಟ್ಟಲಿನ ಪಕ್ಕಕ್ಕೆ ತೆಂಗಿನಕಾಯಿ ಬಲಿತಿದೆಯೇ ಎಂದು ನೋಡುವವರ ಹಾಗೆ ನಾಲ್ಕು ಸಲ ಮೆಲ್ಲಗೆ ತಟ್ಟಿದರೆ ಆ ಕಣ ಕದಲಿ ಸೂಜಿ ಸರಿಯಾಗಿ ಕೂರುವುದುಂಟು. ಹಿರಿಯ ಮೇಸ್ತ್ರಿಗಳು ಬಂದವರೇ ಮಾತಿಲ್ಲದೆ ಮೊದಲು ತಟ್ಟಿ ನೋಡುವುದು ಇದಕ್ಕಾಗಿಯೇ. ಸುತ್ತಿಗೆ ಬೇಡ, ಕಾರ್ಬುರೇಟರಿನ ಮೈ ಮೃದುವಾದ ಸತು ಮಿಶ್ರಲೋಹದ್ದು. ಹಳೆಯ ಜಾವಾದಂಥ ಗಾಡಿಗಳಲ್ಲಿ ತಣ್ಣಗಿನ ಎಂಜಿನನ್ನು ಎಬ್ಬಿಸಲು ತೇಲುಬುರುಡೆಯನ್ನು ಒತ್ತಿ ಪೆಟ್ರೋಲು ಉಕ್ಕಿಸುವ ಒಂದು ಪುಟ್ಟ ಗುಂಡಿಯಿರುತ್ತದೆ. ಅದು ಕೊಳೆಯಿಂದ ಒಳಗೇ ಅಂಟಿ ನಿಂತರೂ ಸೋರಿಕೆ ತಪ್ಪದು. ಎರಡು ಮೂರು ಬಾರಿ ಒತ್ತಿ ಬಿಟ್ಟು, ಅದು ಪುಟಿದು ಮೇಲೆ ಬರುತ್ತಿದೆಯೇ ಎಂದು ನೋಡಬೇಕು.

ತಟ್ಟಿದ್ದಕ್ಕೆ ಜಗ್ಗದಿದ್ದರೆ ಬಟ್ಟಲಿನ ಅಡಿಯ ತಿರುಪನ್ನು ಸಡಿಲಿಸಿ, ಕೆಳಗೊಂದು ಲೋಹದ ಡಬ್ಬವನ್ನು ಹಿಡಿದು ಪೆಟ್ರೋಲನ್ನು ಇಳಿಸಬೇಕು. ಬಳಿಕ ಒಂದೆರಡು ಕ್ಷಣ ಕಾಕು ತೆರೆದರೆ ಹೊಸ ಪೆಟ್ರೋಲು ರಭಸದಿಂದ ಹರಿದು ಸೂಜಿಯ ಪೀಠವನ್ನು ತೊಳೆದುಕೊಂಡು ಬರುತ್ತದೆ. ಡಬ್ಬದ ತಳದಲ್ಲಿ ತುಕ್ಕಿನ ಪುಡಿಯೋ ಪ್ರತ್ಯೇಕವಾಗಿ ಹೊರಳಾಡುವ ನೀರಿನ ಗುಳ್ಳೆಯೋ ಕಂಡರೆ ರೋಗದ ಮೂಲ ಟ್ಯಾಂಕಿನಲ್ಲಿದೆ ಎಂದು ತಿಳಿಯಬಹುದು. ತಿರುಪನ್ನು ಮತ್ತೆ ಹಾಕುವಾಗ ಬಲ ತೋರಿಸಬಾರದು. ಒಂದು ಹನಿಯನ್ನು ನಿಲ್ಲಿಸಲು ಹೋಗಿ ಮರೆಗಳನ್ನು ಕಿತ್ತು, ಇಡೀ ಬಟ್ಟಲನ್ನೇ ಬದಲಿಸಬೇಕಾದ ಬಲಶಾಲಿಗಳಿಗೆ ಈ ನಾಡಿನಲ್ಲಿ ಕೊರತೆಯಿಲ್ಲ.

ಬಟ್ಟಲನ್ನೇ ಬಿಚ್ಚುವ ಧೈರ್ಯವುಳ್ಳವರು ಸೂಜಿಯ ತುದಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಹಳೆಯ ಲೋಹದ ಸೂಜಿಯ ಮೊನೆಯಲ್ಲಿ ಉಂಗುರದಂತೆ ತೋಡು ಬಿದ್ದಿದ್ದರೆ ಅದು ಸವೆದಿದೆ. ಮೊನೆಗೆ ರಬ್ಬರಿದ್ದರೆ ಅದು ಗಟ್ಟಿಯಾಗಿಯೋ ಉಬ್ಬಿಯೋ ಇರಬಹುದು. ಬಟ್ಟೆಯ ತುದಿಯಿಂದ ಸೂಜಿಯನ್ನೂ ಪೀಠವನ್ನೂ ಒರೆಸಬಹುದು. ಸೂಜಿ ಪೂರ್ತಿ ಹಿತ್ತಾಳೆಯದಾದರೆ ಬೆರಳುಗಳ ನಡುವೆ ಹಿಡಿದು ಅದರ ಪೀಠದಲ್ಲಿಯೇ ಹಗುರವಾಗಿ ಹತ್ತು ಸುತ್ತು ತಿರುಗಿಸಬಹುದು. ಉಪ್ಪುಕಾಗದದ ಸುದ್ದಿ ಬೇಡ. ಇದರಿಂದ ಗುಣವಾಗದ ಸೂಜಿಗೆ ಮನೆಯಲ್ಲಿ ಮದ್ದಿಲ್ಲ.

ತೇಲುಬುರುಡೆಯ ಕಥೆ ಬೇರೆ. ಹಿತ್ತಾಳೆಯ ಬುರುಡೆಯನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗೆ ಕುಲುಕಿದ ಸದ್ದು ಕೇಳಿದರೆ ಅದಕ್ಕೆ ತೂತು ಬಿದ್ದು ಪೆಟ್ರೋಲು ತುಂಬಿದೆ. ಮುಳುಗಿದ ಬುರುಡೆ ಸೂಜಿಯನ್ನು ಎತ್ತಲಾರದು. ತೂತು ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ಕಂಡುಹಿಡಿಯುವ ಉಪಾಯ ಸುಲಭ. ನೀರನ್ನು ಕಾಯಿಸಿ, ಒಲೆಯನ್ನು ಆರಿಸಿ, ಪಾತ್ರೆಯನ್ನು ಒಲೆಯಿಂದ ದೂರ ಅಂಗಳಕ್ಕೆ ಒಯ್ದು, ಅದರಲ್ಲಿ ಬುರುಡೆಯನ್ನು ಮುಳುಗಿಸಿದರೆ ಒಳಗಿನ ಆವಿ ಹಿಗ್ಗಿ ತೂತಿನಿಂದ ಗುಳ್ಳೆಗಳ ಸಾಲು ಹೊರಡುತ್ತದೆ. ಗುಳ್ಳೆ ನಿಲ್ಲುವವರೆಗೆ ತೂತನ್ನು ಕೆಳಮುಖ ಮಾಡಿ ಹಿಡಿದರೆ ಪೆಟ್ರೋಲೂ ಖಾಲಿಯಾಗುತ್ತದೆ. ಆ ಜಾಗವನ್ನು ಮೊಳೆಯಿಂದ ಸಣ್ಣಗೆ ಗುರುತು ಮಾಡಿಕೊಳ್ಳಬೇಕು. ತೂತಿಗೆ ಹಾಕಬೇಕಾದದ್ದು ಬೆಸುಗೆ, ಅದೂ ಬುರುಡೆಯೊಳಗೆ ಪೆಟ್ರೋಲಿನ ಸುಳಿವೇ ಇಲ್ಲವೆಂದು ಖಚಿತವಾದ ಮೇಲೆ. ಆವಿ ತುಂಬಿದ ಬುರುಡೆಗೆ ಕಾದ ಕಬ್ಬಿಣ ಮುಟ್ಟಿಸಿದರೆ ಅದು ಪಟಾಕಿಯೇ ಸರಿ. ಬೆಸುಗೆಯೂ ತೆಳ್ಳಗಿರಬೇಕು, ತೂಕ ಹೆಚ್ಚಿದರೆ ಬುರುಡೆ ತಗ್ಗಿ ತೇಲಿ ಪೆಟ್ರೋಲಿನ ಮಟ್ಟ ಏರಿ ಮತ್ತೆ ಸೋರಿಕೆ ಮೊದಲಾಗುತ್ತದೆ. ಪ್ಲಾಸ್ಟಿಕ್ಕಿನ ಬುರುಡೆಗೆ ಈ ಉಪಚಾರ ಯಾವುದೂ ನಡೆಯದು. ಅದನ್ನು ಬದಲಿಸುವುದೊಂದೇ ದಾರಿ.

ಪ್ಯಾಕಿಂಗು ಹರಿದಿದ್ದರೆ ಮನೆಯಲ್ಲಿಯೇ ಹೊಸದನ್ನು ಕತ್ತರಿಸಿಕೊಳ್ಳಬಹುದು. ಇದಕ್ಕೆ ನುಣುಪು ಬಣ್ಣ ಬಳಿಯದ, ತುಸು ದಪ್ಪನೆಯ ಕಾಗದ ಬೇಕು. ಪೋಸ್ಟ್ ಕಾರ್ಡು ಒಳ್ಳೆಯದು. ಹೊಳಪಿಲ್ಲದ ಲಗ್ನಪತ್ರಿಕೆಯೂ ಆದೀತು, ಮದುವೆ ಮುಗಿದಿದ್ದರೆ. ಕಾಗದವನ್ನು ಬಟ್ಟಲಿನ ಅಂಚಿನ ಮೇಲೆ ಹಿಡಿದು ಹೆಬ್ಬೆರಳಿನಿಂದ ಒತ್ತುತ್ತ ಹೋದರೆ ಅಂಚಿನ ಗುರುತು ಮೂಡುತ್ತದೆ. ಅದರಂತೆ ಕತ್ತರಿಸಿ, ತಿರುಪು ಹಾಯುವ ತೂತುಗಳನ್ನೂ ಪೆಟ್ರೋಲು ಮತ್ತು ಗಾಳಿ ಹಾಯುವ ಚಿಕ್ಕ ದಾರಿಗಳನ್ನೂ ಮರೆಯದೆ ಬಿಡಿಸಬೇಕು. ಅವುಗಳಲ್ಲಿ ಒಂದು ಮುಚ್ಚಿಹೋದರೂ ಸೋರಿಕೆಯ ಜೊತೆಗೆ ಗಾಡಿಯೇ ನಿಂತುಹೋಗುತ್ತದೆ.

ಈ ಕಾಗದದ ಎರಡೂ ಮುಖಕ್ಕೆ ಸವರಬೇಕಾದದ್ದು ಬಟ್ಟೆ ಒಗೆಯುವ ಬಾರ್ ಸೋಪು. ಕೇಳುವವರಿಗೆ ಇದು ತಮಾಷೆಯೆನಿಸಬಹುದು. ಆದರೆ ಪೆಟ್ರೋಲ್ ಟ್ಯಾಂಕು ಸೋರಿದಾಗ ಸೋಪು ಮೆತ್ತಿಕೊಂಡು ಊರು ಸೇರಿದ ಲಾರಿ ಚಾಲಕರ ಅನುಭವದ ಹಿಂದೆ ಒಂದು ಸರಳ ರಸಾಯನಶಾಸ್ತ್ರವಿದೆ. ಸೋಪು ನೀರಿನಲ್ಲಿ ಕರಗುತ್ತದೆ, ಪೆಟ್ರೋಲಿನಲ್ಲಿ ಕರಗುವುದಿಲ್ಲ. ಒಂದೆರಡು ಹನಿ ನೀರು ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ನಾದಿದ ಸೋಪನ್ನು ಜಿನುಗುವ ಬಿರುಕಿಗೆ ಒತ್ತಿದರೆ ಪೆಟ್ರೋಲು ಅದನ್ನು ತೊಳೆದೊಯ್ಯಲಾರದು. ತೂತು ಬಿದ್ದ ತೇಲುಬುರುಡೆಗೂ, ದಾರಿಯಲ್ಲಿ ಬೆಸುಗೆ ಎಲ್ಲಿಯೂ ಸಿಗದಿದ್ದಾಗ, ಪೆಟ್ರೋಲನ್ನು ಕುಲುಕಿ ಹೊರತೆಗೆದು ತೂತಿಗೆ ಸೋಪು ತಿಕ್ಕಿಕೊಂಡು ಮನೆ ಸೇರಬಹುದು. ಮಳೆ ಬಂದರೆ ಮಾತ್ರ ಹೊರಗೆ ಮೆತ್ತಿದ ಸೋಪು ನೊರೆಯಾಗಿ ಹರಿದುಹೋಗುತ್ತದೆ. ಆಷಾಢದಲ್ಲಿ ಮಲೆನಾಡಿನ ದಾರಿ ಹಿಡಿದವರು ಇದನ್ನು ನಂಬಿ ಕೂರಬಾರದು.

ಸೋಪಿನ ಬದಲು ಕೈಗೆ ಸಿಕ್ಕಿದ್ದನ್ನೆಲ್ಲ ಮೆತ್ತುವವರೂ ಇದ್ದಾರೆ. ಮೇಣದ ಬತ್ತಿಯ ಮೇಣ ಪೆಟ್ರೋಲಿನಲ್ಲಿ ಕರಗುತ್ತದೆ. ಸೈಕಲ್ ಪಂಕ್ಚರಿನ ಸಲ್ಯೂಷನ್ನು ರಬ್ಬರನ್ನು ಪೆಟ್ರೋಲಿನಂಥ ದ್ರವದಲ್ಲಿ ಕರಗಿಸಿಯೇ ಮಾಡಿದ್ದು. ಪೆಟ್ರೋಲು ಸೋಕಿದೊಡನೆ ತನ್ನ ಪೂರ್ವಸ್ಥಿತಿಗೆ ಮರಳುತ್ತದೆ. ಹಳೆಯ ಸೈಕಲ್ ಟ್ಯೂಬಿನ ತುಂಡು ನೆನೆದು ಅಪ್ಪಳದಂತೆ ಉಬ್ಬುತ್ತದೆ. ಕಿಟಕಿಯ ಗಾಜಿಗೆ ಹಚ್ಚುವ ಸಿಲಿಕೋನ್ ಅಂಟು ಎಲ್ಲಕ್ಕಿಂತ ಮೋಸದ್ದು: ಮೊದಲ ದಿನ ಸೋರಿಕೆ ನಿಂತಂತೆ ತೋರುತ್ತದೆ, ಆಮೇಲೆ ಉಬ್ಬಿ ಎಳೆಯೆಳೆಯಾಗಿ ಕಿತ್ತು ಜೆಟ್ಟಿನ ಕೂದಲೆಳೆಯಷ್ಟು ಸಣ್ಣ ರಂಧ್ರವನ್ನು ಮುಚ್ಚಿಬಿಡುತ್ತದೆ. ನಲ್ಲಿಗೆ ಸುತ್ತುವ ಬಿಳಿಯ ಟೇಪು ಪೆಟ್ರೋಲಿಗೆ ಹೆದರದು, ನಿಜ. ಆದರೆ ಅದರ ಚೂರುಗಳೂ ಇದೇ ಕಿತಾಪತಿ ಮಾಡುತ್ತವೆ. ಅಡಿಯ ತಿರುಪಿಗೆ ಒಂದು ಸುತ್ತು, ತುದಿಯ ಮರೆಗಳನ್ನು ಬಿಟ್ಟು ಸುತ್ತಿದರೆ ಸಾಕು.

ರಬ್ಬರು ಕೊಳವೆಯ ದುರಸ್ತಿಗೆ ಜಾಣತನ ಬೇಕಿಲ್ಲ. ಅದು ಸಾಮಾನ್ಯವಾಗಿ ಸೀಳುವುದು ತುದಿಯಲ್ಲಿ. ಉದ್ದ ಸಾಲುವುದಾದರೆ ಸೀಳಿದ ಅರ್ಧ ಅಂಗುಲವನ್ನು ಕತ್ತರಿಸಿ, ಒಳ್ಳೆಯ ಭಾಗವನ್ನು ಏರಿಸಿ ತಂತಿಯಿಂದ ಬಿಗಿದರಾಯಿತು. ತೊಂದರೆ ಕೊಡುವುದು ಪೆಟ್ರೋಲ್ ಕಾಕು. ಅದನ್ನು ಮುಚ್ಚಿದೆನೆಂಬ ನೆಮ್ಮದಿಯಲ್ಲಿ ಮಲಗಿದವರ ಕಾಕು ಮುಚ್ಚಿಯೂ ಹನಿಸುತ್ತಿರುತ್ತದೆ. ಪರೀಕ್ಷೆ ಇಷ್ಟೇ: ಕಾಕು ಮುಚ್ಚಿ ಕೊಳವೆಯ ತುದಿಯನ್ನು ಕಾರ್ಬುರೇಟರಿನಿಂದ ಕಿತ್ತು ಡಬ್ಬದಲ್ಲಿಟ್ಟು ಹತ್ತು ನಿಮಿಷ ನೋಡುವುದು. ಹನಿ ಬಿದ್ದರೆ ಆ ತುದಿಗೆ ಅಳತೆಗೆ ಒಪ್ಪುವ ಒಂದು ಬೋಲ್ಟನ್ನು ತುರುಕಿ ತಂತಿ ಸುತ್ತಿಡಬೇಕು, ಇಲ್ಲವೆ ಟ್ಯಾಂಕನ್ನು ಮುಚ್ಚಳವಿರುವ ಲೋಹದ ಡಬ್ಬಕ್ಕೆ ಬರಿದು ಮಾಡಿ ಆ ಡಬ್ಬವನ್ನು ಮನೆಯ ಹೊರಗೆ ನೆರಳಿನಲ್ಲಿ, ಮಕ್ಕಳ ಕೈಗೆ ಸಿಗದೆಡೆ ಇಡಬೇಕು.

ಸೂಜಿ ಕೆಟ್ಟ ಗಾಡಿಯನ್ನು ಮೇಸ್ತ್ರಿಯ ಅಂಗಡಿಯವರೆಗೆ ಓಡಿಸಿಕೊಂಡೇ ಹೋಗಬೇಕಾದಾಗ ಕಾಕೇ ಸೂಜಿಯ ಕೆಲಸ ಮಾಡಬಲ್ಲದು. ಇದು ನಿರ್ಗಮ ಕೊಳವೆಯಿಂದ ನೆಲಕ್ಕೆ ಹನಿಸುವ ಗಾಡಿಗೆ ಮಾತ್ರ ಒಪ್ಪುವ ಉಪಾಯ. ಎಂಜಿನಿನ ಮೇಲೋ ಸೈಲೆನ್ಸರಿನ ಮೇಲೋ ಪೆಟ್ರೋಲು ಬೀಳುತ್ತಿದ್ದರೆ ತಳ್ಳಿಕೊಂಡು ಹೋಗುವುದೇ ಕ್ಷೇಮ. ಲೀಟರಿಗೆ 40 ಕಿಲೋಮೀಟರು ಓಡುವ ಗಾಡಿಗೆ ಒಂದು ಮಿಲಿಲೀಟರಿನಲ್ಲಿ 40 ಮೀಟರು ದಾರಿ ಸಾಗುತ್ತದೆ. ಬಟ್ಟಲಿನಲ್ಲಿ 30 ಮಿಲಿಲೀಟರು ಹಿಡಿದರೆ ಸುಮಾರು ಒಂದು ಕಿಲೋಮೀಟರು. ಓಡುತ್ತಿರುವಾಗ ಎಂಜಿನು ತಾನೇ ಪೆಟ್ರೋಲನ್ನು ಕುಡಿಯುವುದರಿಂದ ಉಕ್ಕುವುದು ಕಡಿಮೆ. ಸಿಗ್ನಲಿನಲ್ಲಿ ನಿಲ್ಲುವ ಮುನ್ನ ಕಾಕನ್ನು ಮುಚ್ಚಿ, ಹೊರಟಾಗ ತೆರೆದರೆ ಕೆಲಸ ಸಾಗುತ್ತದೆ. ಜಾವಾ, ಯೆಜ್ಡಿಯಂಥ ಎರಡು ಹೊಡೆತದ ಎಂಜಿನುಗಳಿಗೆ ಒಂದು ಎಚ್ಚರಿಕೆ ಅಗತ್ಯ. ಅವುಗಳಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲಿಯೇ. ಬಟ್ಟಲು ಬರಿದಾಗುತ್ತಿರುವಾಗ ವೇಗವಾಗಿ ಓಡಿಸಿದರೆ ಎಂಜಿನು ಹಸಿದಿರುವುದಲ್ಲದೆ ಒಣಗಿಯೂ ಇರುತ್ತದೆ, ಪಿಸ್ಟನ್ನು ಕಚ್ಚಿಕೊಳ್ಳಬಹುದು. ಮೆಲ್ಲಗೆ, ಕಾಕನ್ನು ಬೇಗ ಬೇಗ ತೆರೆಯುತ್ತ ಹೋಗಬೇಕು.

ಸೋರಿಕೆ ನೆಲಕ್ಕೆ ಬಿದ್ದರೆ ಕಣ್ಣಿಗಾದರೂ ಕಾಣುತ್ತದೆ. ಎಂಜಿನಿನೊಳಕ್ಕೆ ಹರಿದದ್ದು ಕಾಣುವುದಿಲ್ಲ. ನಾಲ್ಕು ಹೊಡೆತದ ಗಾಡಿಯಲ್ಲಿ ರಾತ್ರಿಯೆಲ್ಲ ಹರಿದ ಪೆಟ್ರೋಲು ಸಿಲಿಂಡರಿನಿಂದ ಜಾರಿ ಎಂಜಿನ್ ಎಣ್ಣೆಗೆ ಸೇರುತ್ತದೆ. ಎಣ್ಣೆಯ ಅಳತೆಕಡ್ಡಿಯಲ್ಲಿ ಮಟ್ಟ ಏರಿದ್ದು ಪೆಟ್ರೋಲಿನ ವಾಸನೆ ಬಂದರೆ ಆ ಎಣ್ಣೆಯಲ್ಲಿ ಎಂಜಿನನ್ನು ಒಂದು ನಿಮಿಷವೂ ಓಡಿಸಬಾರದು, ಎಣ್ಣೆಯನ್ನು ಬದಲಿಸಲೇಬೇಕು. ಕಿಕ್ಕರು ಎಂದಿನಂತೆ ಇಳಿಯದೆ ಅರ್ಧದಲ್ಲಿ ಕಲ್ಲಿನಂತೆ ನಿಂತರೆ ಸಿಲಿಂಡರಿನಲ್ಲಿ ಪೆಟ್ರೋಲು ನಿಂತಿದೆ ಎಂದು ಶಂಕಿಸಬೇಕು. ದ್ರವವನ್ನು ಒತ್ತಿ ಕುಗ್ಗಿಸಲಾಗದು. ಮೇಲೆ ನಿಂತು ತುಳಿದರೆ ಬಾಗುವುದು ಕನೆಕ್ಟಿಂಗ್ ರಾಡು. ಕೀಲಿ ತೆಗೆದು, ಪ್ಲಗ್ಗನ್ನು ಬಿಚ್ಚಿ ದೂರವಿಟ್ಟು, ಬಯಲಿನಲ್ಲಿ ಮುಖವನ್ನು ಪಕ್ಕಕ್ಕೆ ಸರಿಸಿಕೊಂಡು ಕೈಯಿಂದ ಕಿಕ್ಕರನ್ನು ನಿಧಾನವಾಗಿ ಒತ್ತಿದರೆ ಪೆಟ್ರೋಲು ಪ್ಲಗ್ಗಿನ ರಂಧ್ರದಿಂದ ಚಿಮ್ಮಿ ಹೊರಬರುತ್ತದೆ.

ಹಿಂದೆ ಹತ್ತು ವರ್ಷ ಬಾಳುತ್ತಿದ್ದ ರಬ್ಬರು ಈಗೇಕೆ ಬೇಗ ಸಾಯುತ್ತದೆ ಎಂದು ಹಳಬರು ಕೇಳುವುದುಂಟು. ಪೆಟ್ರೋಲು ಮೊದಲಿನ ಪೆಟ್ರೋಲಾಗಿ ಉಳಿದಿಲ್ಲ. ಅದರಲ್ಲಿ ಬೆರೆಸುವ ಎಥನಾಲಿನ ಪ್ರಮಾಣ ನಮ್ಮ ದೇಶದಲ್ಲಿ 2022ರಲ್ಲಿ ಶೇಕಡ 10ನ್ನು ಮುಟ್ಟಿ, 2025ರಲ್ಲಿ ಶೇಕಡ 20ಕ್ಕೆ ಏರಿತು. ಎಥನಾಲು ಹಳೆಯ ಬಗೆಯ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ಆ ನೀರು ಬಟ್ಟಲಿನ ತಳಕ್ಕೆ ಇಳಿದು ಸತು ಲೋಹವನ್ನು ತಿಂದು ಬಿಳಿಯ ಹುಡಿಯನ್ನು ಬಿಡುತ್ತದೆ. ಆ ಹುಡಿಯೇ ಮತ್ತೆ ಸೂಜಿಯ ಕೆಳಗೆ ಸೇರುತ್ತದೆ. ಬೇಸಿಗೆ ರಜೆಗೆ ಊರಿಗೆ ಹೊರಡುವವರು ಕಾಕು ಮುಚ್ಚಿ, ಎಂಜಿನು ತಾನಾಗಿ ನಿಲ್ಲುವವರೆಗೆ ಬಯಲಿನಲ್ಲಿ ಓಡಗೊಟ್ಟು, ಉಳಿದದ್ದನ್ನು ಅಡಿಯ ತಿರುಪಿನಿಂದ ಇಳಿಸಿ ಹೋದರೆ ಬಟ್ಟಲು ಒಣಗಿರುತ್ತದೆ.

ಅಂಗಡಿಗೆ ಹೋದಾಗ ‘ಕಾರ್ಬುರೇಟರು ಸೋರುತ್ತದೆ’ ಎಂದಷ್ಟೇ ಹೇಳಿದರೆ ಹುಡುಗನೊಬ್ಬ ತೊಳೆದು ಕಟ್ಟಿ ಕಳುಹಿಸುತ್ತಾನೆ. ಸೂಜಿ ಮತ್ತು ಅದರ ಪೀಠವನ್ನು ಜೋಡಿಯಾಗಿ ಬದಲಿಸಬೇಕೆಂದೂ, ಪ್ಯಾಕಿಂಗು, ಕೊಳವೆಗಳು ಎಥನಾಲು ತಾಳುವ ರಬ್ಬರಿನವು ಇರಬೇಕೆಂದೂ, ಕಾಕಿನ ವಾಷರನ್ನೂ ನೋಡಬೇಕೆಂದೂ ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ಎಲ್ಲಿ ಸೋಪು ಮೆತ್ತಲಾಗಿದೆ, ಎಲ್ಲಿ ಪೋಸ್ಟ್ ಕಾರ್ಡು ಕೂತಿದೆ ಎಂಬುದನ್ನೂ ನಾಚಿಕೆಪಡದೆ ತಿಳಿಸಬೇಕು. ಬಿಚ್ಚಿದಾಗ ಒಳಗೆ ಬಿದ್ದ ಸೋಪಿನ ಚೂರನ್ನು ತೆಗೆಯದೆ ಹೊಸ ಸೂಜಿ ಹಾಕಿದರೆ ಅದೂ ಮರುದಿನವೇ ಹನಿಸತೊಡಗುತ್ತದೆ.